ಮೋಬಿಯಸ್ ಲಕ್ಷಣಾವಳಿ

ಮೋಬಿಯಸ್ ಲಕ್ಷಣಾವಳಿಯು ಹುಟ್ಟಿನಿಂದಲೇ ಇರುವ, ಅತ್ಯಂತ ವಿರಳವಾದ ಒಂದು ನರಸಂಬಂಧಿ ಸ್ಥಿತಿ. ಇದನ್ನು ಮೋಬಿಯಸ್ ಸಿಂಡ್ರೋಮ್ ಎಂದೂ ಕರೆಯಲಾಗುತ್ತದೆ. ಮುಖದ ಸ್ನಾಯುಗಳನ್ನು ನಿಯಂತ್ರಿಸುವ ಏಳನೆಯ ಕಪಾಲ ನರವೂ ಕಣ್ಣುಗುಡ್ಡೆಯನ್ನು ಹೊರಬದಿಗೆ ತಿರುಗಿಸುವ ಆರನೆಯ ಕಪಾಲ ನರವೂ ಗರ್ಭಾವಸ್ಥೆಯಲ್ಲಿ ಸರಿಯಾಗಿ ರೂಪುಗೊಳ್ಳದಿರುವುದು ಇದರ ಮೂಲ. ಇಂತಹ ಮಗು ನಗಲಾರದು, ಹುಬ್ಬು ಗಂಟಿಕ್ಕಲಾರದು, ಹಲವು ವೇಳೆ ರೆಪ್ಪೆಗಳನ್ನು ಪೂರ್ತಿಯಾಗಿ ಮುಚ್ಚಲಾರದು. ಪಕ್ಕದಲ್ಲಿರುವ ವಸ್ತುವನ್ನು ನೋಡಬೇಕಾದಾಗ ಕಣ್ಣನ್ನು ಹೊರಳಿಸುವ ಬದಲು ತಲೆಯನ್ನೇ ತಿರುಗಿಸುತ್ತದೆ.

ಈ ಸ್ಥಿತಿ ವಯಸ್ಸಿನೊಂದಿಗೆ ಉಲ್ಬಣಗೊಳ್ಳುವುದಿಲ್ಲ. ಹುಟ್ಟಿದಾಗ ಇದ್ದಷ್ಟೇ ದೌರ್ಬಲ್ಯ ಮುಂದೆಯೂ ಇರುತ್ತದೆ. ಹೆಚ್ಚಿನ ಮಕ್ಕಳ ಬುದ್ಧಿಶಕ್ತಿ ಸಹಜವಾಗಿಯೇ ಇರುತ್ತದೆ. ಆದರೂ ಚಲನೆಯಿಲ್ಲದ ಮುಖವನ್ನು ಮಂದಬುದ್ಧಿಯ ಗುರುತೆಂದು ತಪ್ಪಾಗಿ ಭಾವಿಸುವುದು ಹಿಂದಿನಿಂದ ನಡೆದು ಬಂದಿದೆ, ಮತ್ತು ಈ ಮಕ್ಕಳ ಶಿಕ್ಷಣ, ಸ್ನೇಹ, ಉದ್ಯೋಗಗಳ ಮೇಲೆ ಸ್ನಾಯುಗಳ ದೌರ್ಬಲ್ಯಕ್ಕಿಂತ ಈ ತಪ್ಪುಗ್ರಹಿಕೆಯೇ ಅನೇಕ ಬಾರಿ ಹೆಚ್ಚು ಪರಿಣಾಮ ಬೀರುತ್ತದೆ. ಜಗತ್ತಿನಲ್ಲಿ ಸುಮಾರು 50,000ದಿಂದ 5,00,000 ಜನನಗಳಿಗೆ ಒಂದರಂತೆ ಇದು ಕಂಡುಬರುತ್ತದೆಂದು ಅಂದಾಜಿಸಲಾಗಿದೆ. ಗಂಡು ಮತ್ತು ಹೆಣ್ಣು ಮಕ್ಕಳಲ್ಲಿ ಇದರ ಪ್ರಮಾಣ ಸಮಾನ.

ಹೆಸರು ಮತ್ತು ಇತಿಹಾಸ

ಜರ್ಮನಿಯ ಲೈಪ್‌ಜಿಗ್ ನಗರದ ನರವೈದ್ಯ ಪೌಲ್ ಯೂಲಿಯುಸ್ ಮೋಬಿಯಸ್ (1853–1907) ಅವರು 1888ರಲ್ಲಿ ಮುಖದ ಹಾಗೂ ಕಣ್ಣಿನ ಜನ್ಮಜಾತ ದೌರ್ಬಲ್ಯ ಒಟ್ಟಿಗೆ ಇದ್ದ ಪ್ರಕರಣವನ್ನು ವಿವರಿಸಿದರು. 1892ರಲ್ಲಿ ಅವರು ಕಪಾಲ ನರಗಳ ಇಂತಹ ಜನ್ಮಜಾತ ದೌರ್ಬಲ್ಯಗಳನ್ನು ವಿಂಗಡಿಸಿ, ಈ ಜೋಡಿಯನ್ನು ಪ್ರತ್ಯೇಕ ಗುಂಪಾಗಿ ಗುರುತಿಸಿದರು. ಎರಡೂ ಬದಿಯ ಮುಖದೌರ್ಬಲ್ಯವನ್ನು ಅವರಿಗಿಂತ ಮೊದಲೇ 1880ರ ಸುಮಾರಿಗೆ ಜರ್ಮನ್ ನೇತ್ರವೈದ್ಯರು ದಾಖಲಿಸಿದ್ದರು. ಆದರೆ ಅದನ್ನು ಒಂದು ವಿಶಿಷ್ಟ ಸ್ಥಿತಿಯೆಂದು ವ್ಯವಸ್ಥಿತವಾಗಿ ಮಂಡಿಸಿದವರು ಮೋಬಿಯಸ್ ಆದುದರಿಂದ ಅವರ ಹೆಸರೇ ಉಳಿಯಿತು. ಒಂದೇ ಮೈಯುಳ್ಳ ಪಟ್ಟಿಯಿಂದ ಪ್ರಸಿದ್ಧರಾದ ಗಣಿತಜ್ಞ ಆಗಸ್ಟ್ ಫರ್ಡಿನಾಂಡ್ ಮೋಬಿಯಸ್ ಇವರ ಅಜ್ಜ. ಹೆಸರಿನ ಸಾಮ್ಯದಿಂದಾಗಿ ಈ ಇಬ್ಬರನ್ನು ಒಬ್ಬರೆಂದೇ ತಿಳಿಯುವುದುಂಟು.

1939ರಲ್ಲಿ ಹೆಂಡರ್ಸನ್ ಎಂಬ ವೈದ್ಯರು ಅಲ್ಲಿಯವರೆಗೆ ವರದಿಯಾಗಿದ್ದ 61 ಪ್ರಕರಣಗಳನ್ನು ಪರಿಶೀಲಿಸಿ ವ್ಯಾಖ್ಯೆಯನ್ನು ವಿಸ್ತರಿಸಿದರು. ಕಣ್ಣಿನ ತೊಂದರೆ ಇಲ್ಲದೆ ಮುಖದೌರ್ಬಲ್ಯ ಮಾತ್ರ ಇದ್ದವರನ್ನೂ ಅವರು ಸೇರಿಸಿಕೊಂಡದ್ದರಿಂದ, ಮುಂದಿನ ಹಲವು ದಶಕಗಳ ವೈದ್ಯಸಾಹಿತ್ಯದಲ್ಲಿ ಬೇರೆ ಬೇರೆ ಸ್ಥಿತಿಗಳು ಇದೇ ಹೆಸರಿನಡಿ ಬೆರೆತುಹೋದವು. ಹಳೆಯ ಅಧ್ಯಯನಗಳ ಅಂಕಿ ಅಂಶಗಳನ್ನು ಓದುವಾಗ ಇದನ್ನು ಗಮನದಲ್ಲಿಡಬೇಕಾಗುತ್ತದೆ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ತಜ್ಞರ ಸಮಾವೇಶವು ಕನಿಷ್ಠ ಮಾನದಂಡವನ್ನು ಮತ್ತೆ ಬಿಗಿಗೊಳಿಸಿತು: ಹುಟ್ಟಿನಿಂದ ಇರುವ, ಉಲ್ಬಣಗೊಳ್ಳದ ಮುಖದೌರ್ಬಲ್ಯ, ಜೊತೆಗೆ ಒಂದು ಅಥವಾ ಎರಡೂ ಕಣ್ಣುಗಳು ಹೊರಬದಿಗೆ ತಿರುಗಲು ಅಡ್ಡಿ.

ಎರಡು ನರಗಳು ಒಟ್ಟಿಗೆ ಬಾಧಿತವಾಗುವುದೇಕೆ

ಮಿದುಳು ಮತ್ತು ಮಿದುಳುಕಾಂಡದಿಂದ ಹನ್ನೆರಡು ಜೋಡಿ ಕಪಾಲ ನರಗಳು ಹೊರಡುತ್ತವೆ. ಆರನೆಯ ಮತ್ತು ಏಳನೆಯ ನರಗಳ ಮೂಲಕೇಂದ್ರಗಳು ಮಿದುಳುಕಾಂಡದ ಮಧ್ಯಭಾಗದಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಅಷ್ಟೇ ಅಲ್ಲ, ಏಳನೆಯ ನರದ ತಂತುಗಳು ಹೊರಬರುವ ಮುನ್ನ ಆರನೆಯ ನರದ ಕೇಂದ್ರವನ್ನು ಒಮ್ಮೆ ಬಳಸಿಕೊಂಡು ಸಾಗುತ್ತವೆ. ಆದುದರಿಂದ ಆ ಸಣ್ಣ ಪ್ರದೇಶದ ಬೆಳವಣಿಗೆಗೆ ಉಂಟಾಗುವ ಯಾವುದೇ ಧಕ್ಕೆ ಎರಡನ್ನೂ ತಟ್ಟುವ ಸಂಭವ ಹೆಚ್ಚು. ಹಾನಿಯ ವ್ಯಾಪ್ತಿ ಇನ್ನೂ ಕೆಳಕ್ಕೆ ಚಾಚಿದ್ದರೆ ನುಂಗುವಿಕೆ, ಧ್ವನಿ ಮತ್ತು ನಾಲಗೆಯ ಚಲನೆಯನ್ನು ನೋಡಿಕೊಳ್ಳುವ ಒಂಬತ್ತು, ಹತ್ತು ಮತ್ತು ಹನ್ನೆರಡನೆಯ ನರಗಳೂ ದುರ್ಬಲವಾಗಿರುತ್ತವೆ. ಜಗಿಯುವ ಸ್ನಾಯುಗಳಿಗೆ ಹೋಗುವ ಐದನೆಯ ನರ ಮಾತ್ರ ಬಹುತೇಕ ಮಕ್ಕಳಲ್ಲಿ ಸುರಕ್ಷಿತವಾಗಿ ಉಳಿದಿರುತ್ತದೆ. ಮುಂದೆ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಈ ಸಂಗತಿ ಮಹತ್ವ ಪಡೆಯುತ್ತದೆ.

ಲಕ್ಷಣಗಳು

ಮೊದಲ ಸುಳಿವು ಸಾಮಾನ್ಯವಾಗಿ ಹಾಲೂಡಿಸುವಾಗ ಸಿಗುತ್ತದೆ. ತುಟಿಗಳು ಬಿಗಿಯಾಗಿ ಕೂಡದ ಕಾರಣ ಶಿಶುವಿಗೆ ಮೊಲೆತೊಟ್ಟನ್ನು ಹಿಡಿದು ಚೀಪಲಾಗುವುದಿಲ್ಲ; ಹಾಲು ಬಾಯಿಯ ಅಂಚಿನಿಂದ ಸೋರಿಹೋಗುತ್ತದೆ. ನಿದ್ದೆಯಲ್ಲಿಯೂ ಕಣ್ಣುಗಳು ಅರೆತೆರೆದಿರುತ್ತವೆ. ಮಗು ಅಳುತ್ತದೆ, ದನಿ ಕೇಳಿಸುತ್ತದೆ, ಆದರೆ ಮುಖದಲ್ಲಿ ಅಳುವಿನ ಸುಕ್ಕು ಮೂಡುವುದಿಲ್ಲ. ಎರಡು ತಿಂಗಳ ಹೊತ್ತಿಗೆ ಬೇರೆ ಶಿಶುಗಳು ತಾಯಿಯ ಮುಖ ಕಂಡು ನಗತೊಡಗುವಾಗ ಈ ಮಗುವಿನ ಮುಖ ಹಾಗೆಯೇ ಇರುತ್ತದೆ. ಮಗು ತಮ್ಮನ್ನು ಗುರುತಿಸುತ್ತಿಲ್ಲವೆಂದು ಹೆತ್ತವರು ಕಳವಳಗೊಳ್ಳುವುದು ಈ ಹಂತದಲ್ಲಿಯೇ. ವಾಸ್ತವದಲ್ಲಿ ಮಗು ಕೈಕಾಲು ಬಡಿದು, ದನಿ ತೆಗೆದು, ಉಸಿರಾಟದ ಲಯ ಬದಲಿಸಿ ತನ್ನ ಸಂತೋಷವನ್ನು ತೋರಿಸುತ್ತಿರುತ್ತದೆ.

ಮುಖದೌರ್ಬಲ್ಯ ಸಾಮಾನ್ಯವಾಗಿ ಎರಡೂ ಬದಿಯಲ್ಲಿರುತ್ತದೆ, ಆದರೆ ಎರಡೂ ಬದಿ ಸಮಾನವಾಗಿರಬೇಕೆಂದಿಲ್ಲ. ಕೆಲವರಲ್ಲಿ ಮುಖದ ಕೆಳಭಾಗದಲ್ಲಿ ತುಸು ಚಲನೆ ಉಳಿದಿರುತ್ತದೆ. ಬಾಯಿ ಸದಾ ಅರೆತೆರೆದಿರುವುದರಿಂದ ಜೊಲ್ಲು ಸುರಿಯುತ್ತದೆ. ಕೆನ್ನೆಯ ಸ್ನಾಯು ಕೆಲಸ ಮಾಡದ ಕಾರಣ ಆಹಾರದ ತುಣುಕುಗಳು ಕೆನ್ನೆಯ ಒಳಬದಿಯಲ್ಲಿಯೇ ಉಳಿದು ಹಲ್ಲುಹುಳುಕಿಗೆ ದಾರಿಯಾಗುತ್ತವೆ. ಚಿಕ್ಕ ದವಡೆ, ಸಣ್ಣ ನಾಲಗೆ, ಎತ್ತರವಾದ ಅಥವಾ ಸೀಳಿದ ಅಂಗುಳ ಕೆಲವು ಮಕ್ಕಳಲ್ಲಿ ಕಂಡುಬರುತ್ತವೆ.

ಕಣ್ಣುಗಳು ಹೊರಬದಿಗೆ ತಿರುಗದಿರುವುದರಿಂದ ಹಲವರಲ್ಲಿ ಒಳಮುಖದ ಮೆಳ್ಳೆಗಣ್ಣು ಉಂಟಾಗುತ್ತದೆ. ಇದಕ್ಕಿಂತ ಗಂಭೀರವಾದುದು ರೆಪ್ಪೆ ಮುಚ್ಚದಿರುವುದರ ಪರಿಣಾಮ. ಮಿಟುಕಿಸುವಿಕೆಯು ಕಣ್ಣೀರನ್ನು ಕಾರ್ನಿಯಾದ ಮೇಲೆ ಹರಡುವ ಕ್ರಿಯೆ. ಅದು ನಡೆಯದಿದ್ದರೆ ಕಾರ್ನಿಯಾ ಒಣಗಿ, ಹುಣ್ಣಾಗಿ, ಕಲೆ ಉಳಿದು ದೃಷ್ಟಿ ಕುಂದಬಹುದು. ಕಣ್ಣು ಮುಚ್ಚಲು ಯತ್ನಿಸಿದಾಗ ಗುಡ್ಡೆ ಮೇಲಕ್ಕೆ ಸರಿಯುವ ಸಹಜ ಪ್ರತಿಕ್ರಿಯೆ ಅನೇಕ ಮಕ್ಕಳಲ್ಲಿ ಉಳಿದಿರುವುದರಿಂದ ಸ್ವಲ್ಪಮಟ್ಟಿನ ರಕ್ಷಣೆ ದೊರೆಯುತ್ತದೆ.

ಕೈಕಾಲುಗಳ ವ್ಯತ್ಯಾಸಗಳೂ ಸಾಮಾನ್ಯ: ಒಳಕ್ಕೆ ತಿರುಚಿದ ಪಾದ, ಕೂಡಿಕೊಂಡ ಅಥವಾ ಮೊಟಕಾದ ಬೆರಳುಗಳು. ಕೆಲವರಲ್ಲಿ ಎದೆಯ ಒಂದು ಬದಿಯ ಸ್ನಾಯು ಇಲ್ಲದಿರುವುದು ಮತ್ತು ಅದೇ ಬದಿಯ ಕೈ ಚಿಕ್ಕದಾಗಿರುವುದು ಕಂಡುಬರುತ್ತದೆ. ಇದಕ್ಕೆ ಪೋಲಂಡ್ ಲಕ್ಷಣಾವಳಿ ಎಂದು ಹೆಸರು. ಸ್ನಾಯುಗಳ ಬಿಗುವು ಕಡಿಮೆ ಇರುವ ಮಕ್ಕಳು ಕುಳಿತುಕೊಳ್ಳುವುದು, ನಡೆಯುವುದು ತಡವಾಗುತ್ತದೆ, ಆದರೆ ಬಹುಪಾಲು ಮಕ್ಕಳು ಮುಂದೆ ಸರಿದೂಗುತ್ತಾರೆ. ಶ್ರವಣದೋಷವೂ ಕೆಲವರಲ್ಲಿ ಇರುತ್ತದೆ.

ಮಾತಿನ ತೊಂದರೆಗೆ ಭಾಷೆಯ ಧ್ವನಿವ್ಯವಸ್ಥೆಯೊಂದಿಗೆ ನೇರ ಸಂಬಂಧವಿದೆ. ತುಟಿಗಳು ಕೂಡದೆ ಉಚ್ಚರಿಸಲಾಗದ ಓಷ್ಠ್ಯ ವ್ಯಂಜನಗಳು, ಎಂದರೆ ಕನ್ನಡದ ಪ, ಫ, ಬ, ಭ, ಮಗಳು, ಈ ಮಕ್ಕಳಿಗೆ ಅತಿ ಕಷ್ಟದವು. ತುಟಿಯನ್ನು ದುಂಡಾಗಿಸಬೇಕಾದ ಉ, ಊ, ಒ, ಓ ಸ್ವರಗಳೂ ಅಸ್ಪಷ್ಟವಾಗುತ್ತವೆ. ಕನ್ನಡದ ಮಗು ಮೊದಲಿಗೆ ಕಲಿಯುವ ‘ಅಮ್ಮ’, ‘ಅಪ್ಪ’ ಎಂಬ ಎರಡೂ ಪದಗಳು ಓಷ್ಠ್ಯಗಳಿಂದಲೇ ಕೂಡಿವೆ ಎಂಬುದು ಇಲ್ಲಿ ಗಮನಾರ್ಹ. ಮಗು ತುಟಿಯ ಕೆಲಸವನ್ನು ನಾಲಗೆಯ ತುದಿಯಿಂದ ಮಾಡಲು ಯತ್ನಿಸಿದಾಗ ‘ಅಮ್ಮ’ ಎಂಬುದು ‘ಅನ್ನ’ ಎಂಬಂತೆಯೂ ‘ಅಪ್ಪ’ ಎಂಬುದು ‘ಅತ್ತ’ ಎಂಬಂತೆಯೂ ಕೇಳಿಸಬಹುದು. ಮನೆಯವರಿಗೆ ಇದು ಬೇಗ ಪರಿಚಯವಾಗುತ್ತದೆ. ಹೊರಗಿನವರಿಗೆ ಕಿವಿ ಪಳಗಲು ಸಮಯ ಬೇಕು.

ಕಾರಣಗಳು

ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗಿಲ್ಲ. ಬಹುಪಾಲು ಪ್ರಕರಣಗಳು ಕುಟುಂಬದಲ್ಲಿ ಹಿಂದೆ ಯಾರಿಗೂ ಇಲ್ಲದೆ ಒಂಟಿಯಾಗಿ ಕಾಣಿಸಿಕೊಳ್ಳುತ್ತವೆ, ಮತ್ತು ಅಂತಹ ದಂಪತಿಗಳ ಮುಂದಿನ ಮಗುವಿಗೆ ಇದು ಮರುಕಳಿಸುವ ಸಂಭವ ಬಹಳ ಕಡಿಮೆ. ಮಿದುಳುಕಾಂಡದ ಪರೀಕ್ಷೆಗಳಲ್ಲಿ ಎರಡು ಬಗೆಯ ನೋಟಗಳು ದೊರೆತಿವೆ. ಕೆಲವರಲ್ಲಿ ನರಕೇಂದ್ರಗಳು ಬೆಳೆದೇ ಇರಲಿಲ್ಲ. ಕೆಲವರಲ್ಲಿ ಬೆಳೆದ ಅಂಗಾಂಶವು ಆನಂತರ ನಶಿಸಿ ಸುಣ್ಣದ ಕಣಗಳು ಸಂಗ್ರಹವಾಗಿದ್ದವು. ಎರಡನೆಯ ನೋಟವು ರಕ್ತಪೂರೈಕೆಯ ಅಡಚಣೆಯನ್ನು ಸೂಚಿಸುತ್ತದೆ. ಗರ್ಭಧಾರಣೆಯ ಮೊದಲ ಎರಡು ತಿಂಗಳ ಅವಧಿಯಲ್ಲಿ ಮಿದುಳುಕಾಂಡಕ್ಕೆ ಹಾಗೂ ಎದೆ, ತೋಳುಗಳಿಗೆ ರಕ್ತ ಒಯ್ಯುವ ನಾಳಗಳ ಹರಿವು ಕುಂದಿದರೆ ಮುಖದೌರ್ಬಲ್ಯ, ಎದೆಸ್ನಾಯುವಿನ ಕೊರತೆ ಮತ್ತು ಬೆರಳುಗಳ ವ್ಯತ್ಯಾಸ ಒಟ್ಟಿಗೆ ಬರುವುದೇಕೆಂಬುದಕ್ಕೆ ಉತ್ತರ ದೊರೆಯುತ್ತದೆ. ಈ ವಾದವನ್ನು 1986ರಲ್ಲಿ ಬಾವಿಂಕ್ ಮತ್ತು ವೀವರ್ ಮಂಡಿಸಿದರು.

ಇದಕ್ಕೆ ಬಲವಾದ ಸಮರ್ಥನೆ ಬಂದುದು ಬ್ರೆಜಿಲ್‌ನಿಂದ. ಹೊಟ್ಟೆಹುಣ್ಣಿನ ಔಷಧವಾಗಿ ಅಲ್ಲಿನ ಮಾರುಕಟ್ಟೆಗೆ ಬಂದ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಬಲವಾಗಿ ಸಂಕುಚಿಸುತ್ತದೆ. ಗರ್ಭಪಾತವು ಕಾನೂನಿನಲ್ಲಿ ಬಹುತೇಕ ನಿಷಿದ್ಧವಾಗಿದ್ದ ಆ ದೇಶದಲ್ಲಿ ಅನೇಕ ಮಹಿಳೆಯರು ವೈದ್ಯರ ನೆರವಿಲ್ಲದೆ ಅದನ್ನು ಬಳಸತೊಡಗಿದರು. ಗರ್ಭಪಾತ ಸಫಲವಾಗದೆ ಗರ್ಭ ಮುಂದುವರಿದಾಗ ಹುಟ್ಟಿದ ಕೆಲವು ಮಕ್ಕಳಲ್ಲಿ ಈ ಲಕ್ಷಣಾವಳಿ ಕಂಡಿತು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೋಬಿಯಸ್ ಲಕ್ಷಣಾವಳಿಯ 96 ಶಿಶುಗಳ ತಾಯಂದಿರನ್ನು, ಬೆನ್ನುಹುರಿಯ ಜನ್ಮದೋಷವಿದ್ದ ಅಷ್ಟೇ ಸಂಖ್ಯೆಯ ಶಿಶುಗಳ ತಾಯಂದಿರೊಂದಿಗೆ ಹೋಲಿಸಿತು. ಮೊದಲ ಗುಂಪಿನಲ್ಲಿ 47 ಮಂದಿ ಗರ್ಭಾವಸ್ಥೆಯಲ್ಲಿ ಮಿಸೊಪ್ರೊಸ್ಟಾಲ್ ಬಳಸಿದ್ದರು. ಎರಡನೆಯದರಲ್ಲಿ 3 ಮಂದಿ ಮಾತ್ರ. ಔಷಧ ಸೇವಿಸಿಯೂ ಗರ್ಭ ಮುಂದುವರಿಸಿದವರ ಬಹುಪಾಲು ಮಕ್ಕಳಿಗೆ ಈ ಸ್ಥಿತಿ ಬರುವುದಿಲ್ಲವೆಂಬುದೂ ಅಷ್ಟೇ ಸತ್ಯ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಹಾಗೂ ವೈದ್ಯರ ಮೇಲ್ವಿಚಾರಣೆಯ ಗರ್ಭಪಾತಕ್ಕೆ ಮಿಸೊಪ್ರೊಸ್ಟಾಲ್ ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅಪಾಯ ಅಡಗಿರುವುದು ತಪಾಸಣೆಯಿಲ್ಲದೆ ಗುಳಿಗೆ ನುಂಗಿ, ಗರ್ಭ ಪೂರ್ಣವಾಗಿ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಬಿಡುವುದರಲ್ಲಿ.

ಗರ್ಭಾವಸ್ಥೆಯಲ್ಲಿ ಥಾಲಿಡೊಮೈಡ್ ಅಥವಾ ಕೊಕೇನ್ ಸೇವನೆಯೊಂದಿಗೂ ಕೆಲವು ಪ್ರಕರಣಗಳನ್ನು ಜೋಡಿಸಲಾಗಿದೆ. 2015ರಲ್ಲಿ ಪಿಎಲ್‌ಎಕ್ಸ್‌ಎನ್‌ಡಿ1 ಮತ್ತು ಆರ್‌ಇವಿ3ಎಲ್ ಎಂಬ ಎರಡು ವಂಶವಾಹಿಗಳಲ್ಲಿ, ಹೆತ್ತವರಲ್ಲಿಲ್ಲದ ಹೊಸ ಉತ್ಪರಿವರ್ತನೆಗಳು ಕೆಲವು ರೋಗಿಗಳಲ್ಲಿ ಪತ್ತೆಯಾದವು. ಆದರೆ ಇವು ಅಲ್ಪಸಂಖ್ಯೆಯ ಪ್ರಕರಣಗಳನ್ನು ಮಾತ್ರ ವಿವರಿಸುತ್ತವೆ. ಗರ್ಭಿಣಿ ಗ್ರಹಣ ನೋಡಿದರೆ ಮಗುವಿನ ಅಂಗ ಊನವಾಗುತ್ತದೆಂಬ, ಕರ್ನಾಟಕದಲ್ಲಿಯೂ ಪ್ರಚಲಿತವಿರುವ ನಂಬಿಕೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೆಚ್ಚಿನ ತಾಯಂದಿರ ಗರ್ಭಾವಸ್ಥೆಯಲ್ಲಿ ದೋಷವೆಂದು ಹೇಳಬಹುದಾದ ಯಾವುದೇ ಘಟನೆ ನಡೆದಿರುವುದಿಲ್ಲ.

ರೋಗನಿರ್ಣಯ

ರೋಗನಿರ್ಣಯವು ಮಗುವನ್ನು ಕಣ್ಣಾರೆ ನೋಡಿ ಮಾಡುವಂಥದ್ದು. ಇದನ್ನು ದೃಢಪಡಿಸುವ ರಕ್ತಪರೀಕ್ಷೆ ಇಲ್ಲ. ಎಂಆರ್‌ಐ ಚಿತ್ರದಲ್ಲಿ ಮಿದುಳುಕಾಂಡ ಕಿರಿದಾಗಿರುವುದು ಅಥವಾ ಮುಖನರದ ತಂತುಗಳು ಉಂಟುಮಾಡುವ ಸಣ್ಣ ಉಬ್ಬು ಇಲ್ಲದಿರುವುದು ಕಾಣಬಹುದು. ಹೆರಿಗೆಯ ವೇಳೆ ಚಿಮುಟದ ಒತ್ತಡದಿಂದ ಬರುವ ಮುಖದೌರ್ಬಲ್ಯವು ಸಾಮಾನ್ಯವಾಗಿ ಒಂದೇ ಬದಿಯದು, ಮತ್ತು ಅದು ಹೆಚ್ಚಾಗಿ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಎಚ್‌ಒಎಕ್ಸ್‌ಬಿ1 ವಂಶವಾಹಿಯ ದೋಷದಿಂದ ಬರುವ ಆನುವಂಶಿಕ ಮುಖದೌರ್ಬಲ್ಯದಲ್ಲಿ ಕಣ್ಣುಗಳು ಹೊರಬದಿಗೆ ಸರಾಗವಾಗಿ ತಿರುಗುತ್ತವೆ. ಜನ್ಮಜಾತ ಮಯೋಟಾನಿಕ್ ಡಿಸ್ಟ್ರೊಫಿ ಎಂಬ ಸ್ನಾಯುರೋಗದಲ್ಲಿಯೂ ಶಿಶುವಿನ ಮುಖ ನಿಶ್ಚಲವಾಗಿ ಕಾಣುವುದರಿಂದ, ವೈದ್ಯರು ತಾಯಿಯ ಸ್ನಾಯುಗಳನ್ನೂ ಪರೀಕ್ಷಿಸುತ್ತಾರೆ. ಕೈಕುಲುಕಿದ ಮೇಲೆ ತಾಯಿಯ ಹಿಡಿತ ಸಡಿಲಗೊಳ್ಳಲು ತಡವಾದರೆ ಆ ರೋಗದ ಶಂಕೆ ಮೂಡುತ್ತದೆ.

ಚಿಕಿತ್ಸೆ ಮತ್ತು ಆರೈಕೆ

ನರಗಳನ್ನು ಮರುಸೃಷ್ಟಿಸುವ ಚಿಕಿತ್ಸೆ ಇಲ್ಲ. ಮೊದಲ ತಿಂಗಳುಗಳಲ್ಲಿ ಎರಡು ವಿಷಯಗಳು ತುರ್ತಿನವು: ಮಗುವಿನ ತೂಕ ಮತ್ತು ಕಣ್ಣಿನ ರಕ್ಷಣೆ. ಚೀಪಲಾಗದ ಶಿಶುವಿಗೆ ಹಿಂಡಿದ ಎದೆಹಾಲನ್ನು ಮೆದುವಾದ ವಿಶೇಷ ಬಾಟಲಿಯಿಂದ ಅಥವಾ ಒಳಲೆಯಿಂದ ಕುಡಿಸಬಹುದು. ಕರ್ನಾಟಕದ ಮನೆಗಳಿಗೆ ಪರಿಚಿತವಾದ ಒಳಲೆಯು ಇಲ್ಲಿ ಉಪಯುಕ್ತವಾದರೂ, ನುಂಗುವ ನರಗಳೂ ದುರ್ಬಲವಾಗಿರುವ ಶಿಶುವಿನ ಬಾಯಿಗೆ ಹಾಲನ್ನು ಒಮ್ಮೆಗೇ ಸುರಿದರೆ ಅದು ಶ್ವಾಸಕೋಶ ಸೇರುವ ಅಪಾಯವಿದೆ. ಆದ್ದರಿಂದ ಮಗುವಿನ ತಲೆಯನ್ನು ಎತ್ತರಿಸಿ ಹಿಡಿದು, ಪ್ರತಿ ಗುಟುಕೂ ನುಂಗಿದ ನಂತರವೇ ಮುಂದಿನದನ್ನು ಕೊಡುವುದನ್ನು ದಾದಿಯರಿಂದ ಕಲಿತುಕೊಳ್ಳಬೇಕಾಗುತ್ತದೆ. ತೂಕ ಏರದಿದ್ದರೆ ಕೆಲಕಾಲ ನಳಿಕೆಯ ಮೂಲಕ ಆಹಾರ ನೀಡಲಾಗುತ್ತದೆ. ಬಾಯಿಯ ಮತ್ತು ದವಡೆಯ ಹಿಡಿತ ಸುಧಾರಿಸಿದಂತೆ ಬಹುತೇಕ ಮಕ್ಕಳು ಮನೆಯ ಊಟಕ್ಕೆ ಒಗ್ಗಿಕೊಳ್ಳುತ್ತಾರೆ.

ಕಣ್ಣಿಗೆ ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿಗಳನ್ನೂ ರಾತ್ರಿ ಮುಲಾಮನ್ನೂ ಹಾಕಲಾಗುತ್ತದೆ. ಇವು ಸಾಲದಿದ್ದರೆ ರೆಪ್ಪೆಯ ಅಂಚನ್ನು ಭಾಗಶಃ ಹೊಲಿಯುವ, ಅಥವಾ ಮೇಲ್ರೆಪ್ಪೆಯಲ್ಲಿ ಸಣ್ಣ ತೂಕವನ್ನಿರಿಸುವ ಶಸ್ತ್ರಚಿಕಿತ್ಸೆಗಳಿವೆ. ಮೆಳ್ಳೆಗಣ್ಣಿಗೂ ಶಸ್ತ್ರಚಿಕಿತ್ಸೆ ಮಾಡಬಹುದು. ತಿರುಚಿದ ಪಾದಗಳನ್ನು ಪೊನ್ಸೆಟಿ ವಿಧಾನದಲ್ಲಿ ವಾರವಾರ ಪ್ಲಾಸ್ಟರ್ ಬದಲಿಸುತ್ತ ನೇರಗೊಳಿಸಲಾಗುತ್ತದೆ. ದವಡೆ ಚಿಕ್ಕದಾಗಿದ್ದು ಬಾಯಿ ಪೂರ್ತಿ ತೆರೆಯದ ಮಕ್ಕಳಿಗೆ ಅರಿವಳಿಕೆ ನೀಡುವಾಗ ಶ್ವಾಸನಾಳಕ್ಕೆ ಕೊಳವೆ ಹಾಕುವುದು ಕಷ್ಟವಾಗುವುದರಿಂದ, ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಈ ಸ್ಥಿತಿಯನ್ನು ತಿಳಿಸಿರಬೇಕು.

ಮುಖಕ್ಕೆ ಚಲನೆ ತರುವ, ‘ನಗುವಿನ ಶಸ್ತ್ರಚಿಕಿತ್ಸೆ’ ಎಂದು ಜನಪ್ರಿಯವಾದ ವಿಧಾನವು ಸ್ನಾಯು ಕಸಿಯನ್ನು ಆಧರಿಸಿದೆ. ತೊಡೆಯ ಒಳಬದಿಯ ಗ್ರಾಸಿಲಿಸ್ ಸ್ನಾಯುವಿನ ತುಂಡನ್ನು ರಕ್ತನಾಳ ಮತ್ತು ನರಸಹಿತ ತೆಗೆದು ಮುಖದ ದೌರ್ಬಲ್ಯಕ್ಕೆ ಬಳಸಿದ ಮೊದಲಿಗರು ಜಪಾನಿನ ಕಿಯೊನೊರಿ ಹಾರಿ. 1976ರಲ್ಲಿ ಅವರು ಇದನ್ನು ವರದಿ ಮಾಡಿದರು. ಮೋಬಿಯಸ್ ಮಕ್ಕಳಿಗೆ ಈ ವಿಧಾನವನ್ನು ಹೊಂದಿಸಿ ಬೆಳೆಸಿದವರಲ್ಲಿ ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆಯ ರೊನಾಲ್ಡ್ ಝೂಕರ್ ಪ್ರಮುಖರು. ಏಳನೆಯ ನರ ಲಭ್ಯವಿಲ್ಲದ ಕಾರಣ, ಕಸಿ ಮಾಡಿದ ಸ್ನಾಯುವಿನ ನರವನ್ನು ಜಗಿಯುವ ಸ್ನಾಯುವಿಗೆ ಹೋಗುವ ಐದನೆಯ ನರದ ಶಾಖೆಗೆ ಸೂಕ್ಷ್ಮದರ್ಶಕದಡಿ ಜೋಡಿಸಲಾಗುತ್ತದೆ. ಎರಡು ಕೆನ್ನೆಗಳಿಗೆ ಕೆಲವು ತಿಂಗಳ ಅಂತರದಲ್ಲಿ ಪ್ರತ್ಯೇಕ ಶಸ್ತ್ರಚಿಕಿತ್ಸೆ ನಡೆಯುತ್ತದೆ. ನರ ಬೆಳೆದು ಸ್ನಾಯುವನ್ನು ತಲುಪಲು ತಿಂಗಳುಗಳು ಬೇಕು. ಆರಂಭದಲ್ಲಿ ಮಗು ಹಲ್ಲು ಕಚ್ಚಿದಾಗ ಮಾತ್ರ ಬಾಯಿಯ ಅಂಚು ಮೇಲೇಳುತ್ತದೆ. ಕನ್ನಡಿಯ ಮುಂದಿನ ದೀರ್ಘ ಅಭ್ಯಾಸದಿಂದ ಹಲವರು ಕಚ್ಚದೆಯೇ ನಗಲು ಕಲಿಯುತ್ತಾರೆ. ಕೆಲವರಲ್ಲಿ ಅದು ಆಲೋಚಿಸದೆ ತಾನಾಗಿ ಬರುವ ನಗುವಾಗುತ್ತದೆ. ತುಟಿಯ ಬಿಗಿತ ಹೆಚ್ಚುವುದರಿಂದ ಜೊಲ್ಲು ಸೋರುವಿಕೆ ತಗ್ಗಿ ಮಾತೂ ಸ್ಪಷ್ಟವಾಗುವುದುಂಟು. ಆದರೆ ಇದು ಹುಬ್ಬು, ಹಣೆ, ರೆಪ್ಪೆಗಳಿಗೆ ಚಲನೆ ತರುವುದಿಲ್ಲ. ಎಲ್ಲರೂ ಇದನ್ನು ಬಯಸುವುದೂ ಇಲ್ಲ. ತಮ್ಮ ಮುಖವನ್ನು ಇದ್ದಂತೆಯೇ ಒಪ್ಪಿಕೊಂಡು ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದ ವಯಸ್ಕರು ಅನೇಕರಿದ್ದಾರೆ.

ಮುಖಭಾವ ಮತ್ತು ಸಾಮಾಜಿಕ ಜೀವನ

ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾಥ್ಲೀನ್ ಬೋಗಾರ್ಟ್ ಈ ಕ್ಷೇತ್ರದ ಮುಖ್ಯ ಸಂಶೋಧಕಿ. ಸ್ವತಃ ಅವರಿಗೂ ಮೋಬಿಯಸ್ ಲಕ್ಷಣಾವಳಿ ಇದೆ. ಇತರರ ಮುಖಭಾವವನ್ನು ಅರಿಯಬೇಕಾದರೆ ನಾವು ಅದನ್ನು ಒಳಗೊಳಗೇ ಅನುಕರಿಸಬೇಕು ಎಂಬ ವಾದ ಮನೋವಿಜ್ಞಾನದಲ್ಲಿ ಪ್ರಚಲಿತವಾಗಿತ್ತು. ಅದು ನಿಜವಾಗಿದ್ದರೆ, ಮುಖವನ್ನೇ ಚಲಿಸಲಾಗದವರು ಇತರರ ಭಾವನೆಗಳನ್ನು ಗುರುತಿಸುವುದರಲ್ಲಿ ಹಿಂದೆ ಬೀಳಬೇಕಿತ್ತು. ಬೋಗಾರ್ಟ್ ಮತ್ತು ಡೇವಿಡ್ ಮಾಟ್ಸುಮೊಟೊ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸ್ಥಿತಿಯಿದ್ದ ವಯಸ್ಕರು ಛಾಯಾಚಿತ್ರಗಳಲ್ಲಿನ ಭಾವಗಳನ್ನು ಇತರರಷ್ಟೇ ಸರಿಯಾಗಿ ಗುರುತಿಸಿದರು.

ಕಷ್ಟವಿರುವುದು ಎದುರಿನವರ ಕಡೆಯಿಂದ. ಮುಖಚಲನೆ ಇಲ್ಲದವರನ್ನು ಅಪರಿಚಿತರು ನಿರಾಸಕ್ತರು, ಸಂತೋಷವಿಲ್ಲದವರು, ಸ್ನೇಹಪರರಲ್ಲದವರು ಎಂದು ಅಳೆಯುತ್ತಾರೆ. ಧ್ವನಿಯ ಏರಿಳಿತ, ಕೈಸನ್ನೆ, ದೇಹಭಂಗಿ, ಮಾತಿನ ಆಯ್ಕೆ, ಹಾಸ್ಯ ಇವುಗಳಿಂದ ಭಾವವನ್ನು ಹೊರಗೆಡಹುವವರ ಬಗ್ಗೆ ನೋಡುಗರ ಅಭಿಪ್ರಾಯ ಗಣನೀಯವಾಗಿ ಉತ್ತಮಗೊಳ್ಳುತ್ತದೆಂದು ಬೋಗಾರ್ಟ್ ಅವರ ಮುಂದಿನ ಅಧ್ಯಯನಗಳು ತೋರಿಸಿವೆ. ಶಾಲಾ ಶಿಕ್ಷಕರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ: ಪಾಠ ಅರ್ಥವಾಯಿತೇ ಎಂಬುದನ್ನು ಮುಖ ನೋಡಿ ಊಹಿಸುವ ಅಭ್ಯಾಸವುಳ್ಳ ಶಿಕ್ಷಕರು ಈ ಮಗುವನ್ನು ಬಾಯಿಬಿಟ್ಟು ಕೇಳಬೇಕಾಗುತ್ತದೆ. ಬ್ರಿಟಿಷ್ ವೈದ್ಯ ಜೊನಾಥನ್ ಕೋಲ್ ಅವರು ಹೆನ್ರಿಯೆಟಾ ಸ್ಪಾಲ್ಡಿಂಗ್ ಅವರೊಂದಿಗೆ ಬರೆದ ‘ದಿ ಇನ್ವಿಸಿಬಲ್ ಸ್ಮೈಲ್’ ಎಂಬ ಕೃತಿ ಈ ಸ್ಥಿತಿಯೊಂದಿಗೆ ಬಾಳುವವರ ಅನುಭವಗಳನ್ನು ಕುರಿತದ್ದು. ಮೋಬಿಯಸ್ ಅವರ ಜನ್ಮದಿನವಾದ ಜನವರಿ 24ನ್ನು ಹಲವು ದೇಶಗಳಲ್ಲಿ ಜಾಗೃತಿ ದಿನವಾಗಿ ಆಚರಿಸಲಾಗುತ್ತದೆ.

ಭಾರತದಲ್ಲಿ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿ ಮೋಬಿಯಸ್ ಲಕ್ಷಣಾವಳಿಯ ಹೆಸರು ಪ್ರತ್ಯೇಕವಾಗಿ ಇಲ್ಲ. ಚಲನೆ, ಶ್ರವಣ, ದೃಷ್ಟಿ ಅಥವಾ ಮಾತಿಗೆ ಸಂಬಂಧಿಸಿದ ಯಾವ ವಿಭಾಗದಲ್ಲಿ ತೊಂದರೆಯಿದೆಯೋ ಅದರಡಿಯಲ್ಲಿಯೇ ಪ್ರಮಾಣಪತ್ರಕ್ಕೆ ಮೌಲ್ಯಮಾಪನ ನಡೆಯಬೇಕಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ತಿರುಚಿದ ಪಾದ, ಸೀಳು ಅಂಗುಳ ಮತ್ತು ಜನ್ಮಜಾತ ಕಿವುಡುತನ ಅದರ ವ್ಯಾಪ್ತಿಯಲ್ಲಿರುವುದರಿಂದ, ಈ ಲಕ್ಷಣಗಳೂ ಇರುವ ಮಗುವನ್ನು ಅಂಗನವಾಡಿಯ ಹಂತದಲ್ಲಿಯೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ಅವಕಾಶವಿದೆ. ಕನ್ನಡ ಮಾತನಾಡುವ ಮಕ್ಕಳ ವಾಕ್ ಮತ್ತು ಶ್ರವಣ ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಮುಖ ಕೇಂದ್ರ.

ಬ್ಯಾಂಕ್ ಖಾತೆ, ಮೊಬೈಲ್ ಸಂಪರ್ಕ ಮುಂತಾದವುಗಳಿಗೆ ಗುರುತು ದೃಢಪಡಿಸುವ ಅಂಕೀಯ ವ್ಯವಸ್ಥೆಗಳು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸುವಂತೆ ಕೇಳುತ್ತವೆ. ರೆಪ್ಪೆ ಮುಚ್ಚಲಾಗದವರಿಗೆ ಇದು ಅಸಾಧ್ಯವಾದ ಪರೀಕ್ಷೆ. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳವರ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ನೀಡಿದ ತೀರ್ಪು, ಅಂಕೀಯ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಹಕ್ಕಿನ ಭಾಗವೆಂದು ಹೇಳಿ, ಮಿಟುಕಿಸುವಿಕೆಗೆ ಪರ್ಯಾಯ ವಿಧಾನಗಳನ್ನು ಒದಗಿಸಲು ನಿರ್ದೇಶಿಸಿತು. ಮೋಬಿಯಸ್ ಲಕ್ಷಣಾವಳಿ ಆ ಪ್ರಕರಣದ ವಿಷಯವಾಗಿರಲಿಲ್ಲವಾದರೂ, ಈ ಸ್ಥಿತಿಯುಳ್ಳವರು ಎದುರಿಸುವ ಅಡಚಣೆಯೂ ಇದೇ ಆಗಿದೆ.